ತಟ್ಟಿದವನು ನಾನು

ಕುಲುಮೆಯ ಮುಂದೆ ಮಾತು ನಡೆಯುವುದಿಲ್ಲ. ಗಾಳಿ ಊದುವ ತಿದಿಯ ಸದ್ದು, ಬೆಂಕಿಯ ಸದ್ದು, ಕಬ್ಬಿಣದ ಸದ್ದು. ಇವುಗಳ ನಡುವೆ ಬಾಯಿ ತೆರೆದರೆ ಹೊಗೆ ಒಳಗೆ ಹೋಗುತ್ತದೆ, ಮಾತು ಹೊರಗೆ ಬರುವುದಿಲ್ಲ. ಅದಕ್ಕೇ ನಮ್ಮ ಕಸುಬಿನಲ್ಲಿ ಕೈಯೇ ಮಾತಾಡುತ್ತದೆ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟವನು ಸಣ್ಣ ಸುತ್ತಿಗೆಯಿಂದ ಒಂದು ಸಲ ತಟ್ಟುತ್ತಾನೆ. ಎದುರಿಗೆ ನಿಂತವರು ದೊಡ್ಡ ಸಮ್ಮಟಿಗೆ ಎತ್ತಿ ಆ ತಟ್ಟಿದ ಜಾಗಕ್ಕೇ ಹೊಡೆಯಬೇಕು. ತಟ್ಟುವುದು ನಿಂತರೆ ಏಟೂ ನಿಲ್ಲಬೇಕು. ಯಾಕೆ ಎಂದು ಕೇಳುತ್ತ ನಿಂತರೆ ಕಬ್ಬಿಣ ಆರಿಹೋಗುತ್ತದೆ.

ನನ್ನ ಎದುರು ನಿಂತು ಸಮ್ಮಟಿಗೆ ಹೊಡೆದವಳು ನನ್ನ ಹೆಂಡತಿ. ಮದುವೆಯಾಗಿ ಬಂದ ವರ್ಷ ಎತ್ತಿದ ಸಮ್ಮಟಿಗೆಯನ್ನು ಅವಳು ಕೆಳಗಿಟ್ಟದ್ದು ಮಗ ವೆಲ್ಡಿಂಗ್ ಅಂಗಡಿ ಹಾಕಿದ ಮೇಲೆ. ನಾಗಮಂಗಲ ಮತ್ತು ಪಾಂಡವಪುರದ ನಡುವಿನ ನಮ್ಮೂರಿನಲ್ಲಿ ಎಷ್ಟೋ ಮನೆಗಳ ಕುಡುಗೋಲು, ಮಚ್ಚು, ನೇಗಿಲ ಗುಳ ಅವಳ ತೋಳಿನ ಬಲದಿಂದ ಆದವು. ಹೆಸರು ಮಾತ್ರ ನನಗೆ ಬಂತು. ಆಚಾರಿ ಕೈ ಒಳ್ಳೆಯದು ಎಂದರು. ಅವಳ ಕೈಯ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅವಳಿಗೆ ಎಡಗಾಲಿನ ಪಾದವಿಲ್ಲ. ಸಕ್ಕರೆ ಕಾಯಿಲೆ ತಿಂದುಹಾಕಿತು ಎಂದು ಊರು ತಿಳಿದಿತ್ತು. ನಾನೂ ಬಂದವರಿಗೆಲ್ಲ ಅದನ್ನೇ ಹೇಳಿದೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ಹೊತ್ತುಕೊಂಡು ತಿರುಗಿ ದಣಿದಿದ್ದೇನೆ. ಪೂರ್ತಿ ಇಳಿಸಿಬಿಡೋಣ ಎಂದು ಬರೆಯುತ್ತಿದ್ದೇನೆ.

ಒಂದು ವೈದ್ಯಕೀಯ ಕಾಲೇಜಿನ ಡಾಕ್ಟರುಗಳು ನಮ್ಮ ಕಡೆಯ ಊರುಗಳಿಗೆ ಸಂಶೋಧನೆಗೆಂದು ಬಂದಿದ್ದರು. ನಮ್ಮೂರಿಗೆ ಬಂದ ತಂಡದಲ್ಲಿ ಮುಂದಾಳು ಒಬ್ಬ ಹುಡುಗಿ. ಓದು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ ಅನ್ನಿಸುತ್ತದೆ. ಊರಿನಲ್ಲಿ ಓದಿದ ಹಿರಿಯರು ಯಾರಿದ್ದಾರೆ ಎಂದು ಹಾಲಿನ ಡೈರಿಯಲ್ಲಿ ಕೇಳಿದಾಗ ಎಸ್ಸೆಸ್ಸೆಲ್ಸಿ ಪಾಸಾದವನು ಎಂದು ನನ್ನನ್ನು ತೋರಿಸಿದರಂತೆ. ಆಕೆ ನಮ್ಮ ಜಗಲಿಯ ಮೇಲೆ ಕೂತು ಸಮಾಧಾನವಾಗಿ ಬಿಡಿಸಿ ಹೇಳಿದಳು.

"ಸಕ್ಕರೆ ಕಾಯಿಲೆ ಬಹಳ ದಿನ ಇದ್ದರೆ ಪಾದದ ನರ ಸಾಯುತ್ತೆ ತಾತ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಕೆಂಡ ತುಳಿದ್ರೂ ಗೊತ್ತಾಗಲ್ಲ. ಗಾಯ ಕಾಣೋ ಹೊತ್ತಿಗೆ ಕೊಳೆತುಬಿಟ್ಟಿರುತ್ತೆ. ಸ್ಪರ್ಶ ಹೋಗಿರೋರನ್ನ ಮೊದಲೇ ಕಂಡುಹಿಡಿದು, ಮೆತ್ತನೆ ಚಪ್ಪಲಿ ಕೊಟ್ಟು, ಪಾದ ನೋಡ್ಕೊಳ್ಳೋದು ಕಲಿಸಿದ್ರೆ ಎಷ್ಟು ಕಾಲು ಉಳಿಯುತ್ತೆ ಅಂತ ನಾವು ನೋಡ್ತಿರೋದು. ನೀವು ನಾಲ್ಕು ಜನಕ್ಕೆ ತಿಳಿಸಿ ಹೇಳಿದ್ರೆ ನಮ್ಮನ್ನ ನಂಬ್ತಾರೆ."

ನಾನು ಬೀಗಿದೆ. ಮನೆಮನೆಗೆ ಹೋಗಿ ಹೇಳಿ ಬಂದೆ. ಡೈರಿಯ ಕಟ್ಟಡದಲ್ಲಿ ಬೆಳಗಿನ ಹಾಲು ಹಾಕುವ ಹೊತ್ತಿಗೇ ಪರೀಕ್ಷೆ ಇಟ್ಟುಕೊಂಡರು. ಜನ ಹೇಗೂ ಅಲ್ಲಿಗೆ ಬರುತ್ತಾರಲ್ಲ.

ಉಳಿದವರಿಗೆ ಧೈರ್ಯ ಬರಲಿ ಎಂದು ಮೊದಲು ಕೂತವನು ನಾನೇ. ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಒಂದು ಹಿಡಿಗೆ ನೈಲಾನ್ ಎಳೆ ಸಿಕ್ಕಿಸಿದ್ದಾರೆ, ಮೀನಿನ ಗಾಳದ ದಾರದ ಹಾಗೆ. ಅದನ್ನು ಅಂಗಾಲಿಗೆ ಒತ್ತಿದರೆ ಬಾಗುತ್ತದೆ. ತಾಕಿದ್ದು ತಿಳಿದಾಗ ಹೂಂ ಎನ್ನಬೇಕು. ನನಗೆ ತಾಕಿದ್ದೆಲ್ಲ ತಿಳಿಯಿತು. ಕಣ್ಣು ಬಿಟ್ಟಾಗ ಮೇಜಿನ ಕೆಳಗೆ ಬಾಯಿ ತೆರೆದಿಟ್ಟ ರಟ್ಟಿನ ಪೆಟ್ಟಿಗೆ ಕಂಡಿತು. ಅದರ ತುಂಬ ಕಪ್ಪು ರಬ್ಬರಿನ ಚಪ್ಪಲಿಗಳು, ಹಿಮ್ಮಡಿಗೆ ಪಟ್ಟಿ ಇರುವಂಥವು.

ಆ ಚಪ್ಪಲಿಯನ್ನು ನಾನು ಹಿಂದೆ ನೋಡಿದ್ದೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಮ್ಮಜ್ಜಿಯ ತಮ್ಮ ಇದ್ದ. ಅವನೂ ಕುಲುಮೆಯ ಕೆಲಸದವನೇ. ಕೈ ಸುಟ್ಟುಕೊಂಡರೂ ನೋವೆನ್ನುತ್ತಿರಲಿಲ್ಲ; ಗಟ್ಟಿ ಜೀವ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಒಂದು ದಿನ ಸೈಕಲ್ಲಿನಲ್ಲಿ ಆರೋಗ್ಯ ಇಲಾಖೆಯವರು ಬಂದು, ಅವನ ಕಣ್ಣು ಮುಚ್ಚಿಸಿ, ಕೋಳಿ ಗರಿಯಿಂದ ಮೈ ಸವರಿ, ಎಲ್ಲಿ ಮುಟ್ಟಿದೆ ತೋರಿಸು ಎಂದರು. ಅವನು ಸುಮ್ಮನೆ ಕೂತಿದ್ದ. ಅವನಿಗೆ ಇದ್ದದ್ದು ದೊಡ್ಡರೋಗ, ಕುಷ್ಠ. ಮಾತ್ರೆ ಕೊಟ್ಟರು, ಒಂದು ಜೊತೆ ಕಪ್ಪು ರಬ್ಬರಿನ ಚಪ್ಪಲಿ ಕೊಟ್ಟರು. ಅಂದಿನಿಂದ ಅವನ ತಟ್ಟೆ ಬೇರೆ, ಚೊಂಬು ಬೇರೆ. ತಟ್ಟೆಯನ್ನು ಕೊಟ್ಟಿಗೆಯ ಹೊಸ್ತಿಲಲ್ಲಿ ಇಟ್ಟು, ಕೋಲಿನಿಂದ ಒಳಗೆ ತಳ್ಳುತ್ತಿದ್ದೆವು. ನಾನೂ ತಳ್ಳಿದ್ದೇನೆ. ಅವನು ಸತ್ತ ಮೇಲೆ ನಮ್ಮಪ್ಪ ಆ ಚಪ್ಪಲಿಗಳನ್ನು ಕುಲುಮೆಗೇ ಹಾಕಿದ. ರಬ್ಬರಿನ ನಾತ ದಿನವೆಲ್ಲ ಇತ್ತು. ಇಂಥವನೊಬ್ಬ ಈ ಮನೆಯಲ್ಲಿ ಇದ್ದ ಎಂದು ಯಾರೆದುರೂ ಬಾಯಿ ಬಿಡಕೂಡದು ಎಂದ. ನಾನು ಬಿಡಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ.

ಕಣ್ಣು ಮುಚ್ಚಿಸುವುದು ಅದೇ. ಎಲ್ಲಿ ತಾಕಿತು ಎಂಬ ಪ್ರಶ್ನೆ ಅದೇ. ಚಪ್ಪಲಿ ಅದೇ. ಸಕ್ಕರೆ ಕಾಯಿಲೆ ಎಂದು ಆಕೆ ಹೇಳಿದ್ದು, ನಾನು ಮನೆಮನೆಗೆ ಹೇಳಿದ್ದು, ಎಲ್ಲ ಆ ಗಳಿಗೆಯಲ್ಲಿ ತಲೆಯಿಂದ ಹೊರಟುಹೋಯಿತು. ಆ ಚಪ್ಪಲಿ ನಮ್ಮ ಬಾಗಿಲಿಗೆ ಬಂದರೆ ಊರಿನ ಹಳಬರಿಗೆ ಕೊಟ್ಟಿಗೆಯವನು ನೆನಪಾಗುತ್ತಾನೆ ಎನ್ನುವುದೊಂದೇ ಉಳಿಯಿತು.

ನನ್ನ ನಂತರ ಹೆಂಡತಿ ಕೂತಳು; ಅವಳ ಸಕ್ಕರೆ ಕಾಯಿಲೆ ಹಳೆಯದು. ಕಬ್ಬಿಣದ ಮಡಚುವ ಕುರ್ಚಿ. ನಾನು ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದೆ. ಡಾಕ್ಟರು ಎಳೆಯನ್ನು ಅವಳ ಹೆಬ್ಬೆರಳಿಗೆ ಒತ್ತಿದಳು. ಎಳೆ ಬಾಗಿತು. ಅವಳು ಕಣ್ಣು ಮುಚ್ಚಿಕೊಂಡು, ಪೂಜೆಗೆ ಕೂತವಳ ಹಾಗೆ ಮುಖ ಮಾಡಿಕೊಂಡು, ಸುಮ್ಮನೆ ಕೂತಿದ್ದಳು. ಇನ್ನೊಂದು ಕಡೆ ಒತ್ತಿದಳು. ಸುಮ್ಮನೆ.

ನನ್ನ ಬೆರಳಿನಲ್ಲಿ ತಾಮ್ರದ ಉಂಗುರವಿದೆ. ಮುಂದಿನ ಸಲ ಎಳೆ ಬಾಗಿದಾಗ ಅದರಿಂದ ಕುರ್ಚಿಯ ಬೆನ್ನಿಗೆ ಒಂದು ಸಲ ತಟ್ಟಿದೆ.

"ಊಂ" ಎಂದಳು.

ಆಮೇಲೆ ಏನೂ ಕಷ್ಟವಾಗಲಿಲ್ಲ. ಎಳೆ ಬಾಗಿದಾಗ ತಟ್ಟಿದೆ, ಅವಳು ಊಂ ಎಂದಳು. ಡಾಕ್ಟರು ಜಾಣೆ; ನಡುನಡುವೆ ಎಳೆ ತಾಕಿಸದೆಯೂ, ಈಗ ಗೊತ್ತಾಯಿತಾ ಎಂದು ಕೇಳುತ್ತಿದ್ದಳು. ಆಗ ನಾನು ತಟ್ಟಲಿಲ್ಲ, ಅವಳೂ ಇಲ್ಲ ಎಂದಳು. ಹಾಲಿನ ಕ್ಯಾನುಗಳ ಗದ್ದಲದಲ್ಲಿ ಉಂಗುರದ ಸದ್ದು ಯಾರಿಗೂ ಕೇಳಿಸಲಿಲ್ಲ. ಮೊದಲಿನ ಎರಡು ಸಲ ಅಜ್ಜಿಗೆ ಅರ್ಥವಾಗಿರಲಿಲ್ಲ ಎಂದುಕೊಂಡು ಆಕೆ ಆ ಎರಡು ಜಾಗಗಳಲ್ಲಿ ಮತ್ತೆ ಒತ್ತಿ ನೋಡಿದಳು. ನಾನು ಮತ್ತೆ ತಟ್ಟಿದೆ.

"ಅಜ್ಜಿ, ನಿಮ್ಮ ಪಾದ ಗಟ್ಟಿಯಾಗಿದೆ" ಎಂದು ನಕ್ಕು, ಬರೆದುಕೊಂಡಳು. ಚಪ್ಪಲಿ ಕೊಡಲಿಲ್ಲ.

ಹೊರಗೆ ಸಾಲಿನಲ್ಲಿ ನನ್ನ ಜೊತೆ ನಾಗಮಂಗಲದ ಹೈಸ್ಕೂಲಿಗೆ ಬರುತ್ತಿದ್ದ, ಮಧ್ಯದಲ್ಲೇ ಬಿಟ್ಟ ಗೌಡ ನಿಂತಿದ್ದ. ಅವನಿಗೂ ಸಕ್ಕರೆ ಕಾಯಿಲೆ ಹಳೆಯದು.

"ಏನ್ಲಾ ಆಚಾರಿ, ಏನ್ ಮಾಡ್ತಾವ್ರೆ ಒಳ್ಗೆ?"

"ದಾರ ಮುಟ್ಟುಸ್ತಾರೆ. ಗೊತ್ತಾಗ್ನಿಲ್ಲ ಅಂದ್ಬುಟ್ಟೀಯ, ಚಪ್ಲಿ ಕೊಡ್ತಾರೆ, ಅದು ದೊಡ್ಡರೋಗದ ಚಪ್ಲಿ ಕಣ್ಲಾ. ಕಣ್ಣ ಸ್ವಲ್ಪ ಬುಟ್ಕೊಂಡು ನೋಡ್ಕಂಡು ಊಂ ಅನ್ನು."

ಗೌಡ ಅವನ ಹಿಂದಿನವನಿಗೆ ಹೇಳಿರಬೇಕು. ನಮ್ಮೂರಿನಿಂದ ಆ ಪೆಟ್ಟಿಗೆ ಹೆಚ್ಚುಕಡಿಮೆ ತುಂಬಿದ್ದ ಹಾಗೇ ವಾಪಸು ಹೋಯಿತು.

ಮನೆಯ ದಾರಿಯಲ್ಲಿ ಅವಳು ಕೇಳಿದಳು. "ಯಾಕ್ ತಟ್ಟುದ್ರಿ?"

"ನೀನ್ಯಾಕೆ ಊಂ ಅಂದೆ?"

"ತಟ್ಟುದ್ರಲ್ಲ, ಒಡುದೆ. ಅಷ್ಟು ಕಾಲ ಒಡ್ದು ಒಡ್ದು ಯಾಕಂತ ಕೇಳೋದು ಮರ್ತೋಗದೆ."

"ಸುಮ್ಕೆ ಬಾಮ್ಮಿ. ಆಸ್ಪತ್ರೆಗೆ ಅಲ್ಯೋದ್ ತಪ್ತು" ಎಂದೆ.

ಮಗನ ವೆಲ್ಡಿಂಗ್ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಕಬ್ಬಿಣ ಕೊಯ್ದಾಗ ಸಿಡಿಯುವ ಚೂರುಗಳು ಅಂಗಳಕ್ಕೆ, ನಡುಮನೆಗೆ ಬರುತ್ತವೆ. ಅವಳು ಎಂದೂ ಬರಿಗಾಲು. ಮುಂದಿನ ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಕೆಂಪು ಗುರುತು ಕಂಡೆ. ಒಲೆಯಿಂದ ನೀರಿನ ಹಂಡೆಯವರೆಗೆ, ಅಲ್ಲಿಂದ ಬಾಗಿಲವರೆಗೆ. ಕುಂಕುಮ ಚೆಲ್ಲಿದೆ ಎಂದುಕೊಂಡೆ. ಪಾದ ಎತ್ತಿ ನೋಡಿದರೆ ಎಡಗಾಲಿನ ಬೆರಳುಗಳ ಬುಡದಲ್ಲಿ ಕಬ್ಬಿಣದ ಚೂರು ಹೂತುಹೋಗಿತ್ತು. ಸುತ್ತ ಚರ್ಮ ಬೆಳ್ಳಗೆ ಉಬ್ಬಿ ನಾತ ಬರುತ್ತಿತ್ತು. ಎಷ್ಟು ದಿನದಿಂದ ಅದರ ಮೇಲೆ ಓಡಾಡಿದ್ದಳೋ.

"ನೋಯ್ತಿಲ್ವಾ?"

"ಏನು?" ಎಂದಳು.

ಆಗಲೂ ನಾನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಇಕ್ಕಳದಿಂದ ಚೂರು ತೆಗೆದು, ಅರಿಶಿನ ಬೇವು ಅರೆದು ಕಟ್ಟಿದೆ. ಅಲ್ಲಿಗೆ ಹೋದರೆ ಮತ್ತೆ ಕಣ್ಣು ಮುಚ್ಚಿಸುತ್ತಾರೆ ಎಂಬ ಹೆದರಿಕೆ. ಕಾಲು ಊದಿ, ಜ್ವರ ಏರಿ, ಅವಳು ಏನೇನೋ ಕನವರಿಸತೊಡಗಿದ ಮೇಲೆ ಮಗ ಕೂಗಾಡಿ ಕಾರು ಮಾಡಿಕೊಂಡು ಬಂದ. ಪಾಂಡವಪುರ ದಾಟಿ, ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯ ವಾಹನಗಳ ನಡುವೆ ಸಿಕ್ಕಿಕೊಂಡು, ಮೈಸೂರು ಸೇರುವಷ್ಟರಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ ಕಾದ ಕಬ್ಬಿಣದಂತೆ ಸುಡುತ್ತಿತ್ತು. ದಾರಿಯಲ್ಲಿ ಕಾವೇರಿ ಸೇತುವೆಯ ಮೇಲೆ ಒಮ್ಮೆ ಕಣ್ಣು ಬಿಟ್ಟು, "ಒಳೆ ಬಂತಾ?" ಎಂದಳು. ಬಂತು ಎಂದೆ. ಕೈ ಮುಗಿಯಲು ನೋಡಿದಳು, ಕೈ ಏಳಲಿಲ್ಲ.

ಮೊದಲು ಬೆರಳುಗಳನ್ನು ತೆಗೆದರು. ಆಮೇಲೆ ಪಾದ. ಅಲ್ಲಿನ ಡಾಕ್ಟರು ನನ್ನನ್ನು ಬೈಯಲಿಲ್ಲ. ಇನ್ನೂ ಮೊದಲೇ ಬರಬೇಕಿತ್ತು ಎಂದಷ್ಟೇ ಅಂದರು. ಅದನ್ನು ಅವರು ಎಷ್ಟು ಜನಕ್ಕೆ ಹೇಳಿದ್ದರೋ, ದನಿಯಲ್ಲಿ ಆಯಾಸವಿತ್ತು.

ನಾವು ಊರಿಗೆ ಮರಳಿದ ಮೇಲೆ ಸಂಶೋಧನೆಯ ತಂಡ ಎರಡನೆಯ ಸುತ್ತಿಗೆ ಬಂತು. ಅದೇ ಹುಡುಗಿ ನಮ್ಮ ನಡುಮನೆಗೆ ಬಂದಳು. ಚಾಪೆಯ ಮೇಲೆ ಕೂತಿದ್ದ ನನ್ನ ಹೆಂಡತಿಯ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು.

"ಹೋದ ಸಲ ಇವರಿಗೆ ಎಲ್ಲ ಕಡೆ ಸ್ಪರ್ಶ ಇತ್ತು ತಾತ. ನಾನೇ ನೋಡಿದ್ದು. ಇಷ್ಟು ಬೇಗ ಹೀಗಾಗಲ್ಲ. ಮೈಸೂರಿನ ಆಸ್ಪತ್ರೆಯಿಂದ ಸುದ್ದಿ ಬಂದಾಗ ನಮ್ಮ ಸರ್ ಕೂಡ ಅದನ್ನೇ ಕೇಳಿದ್ರು, ನೀನು ಸರಿಯಾಗಿ ಒತ್ತಿದ್ಯಾ ಅಂತ." ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. "ನನ್ನ ಕೈಯಿಂದ್ಲೇ ತಪ್ಪಾಗಿದೆ. ನಾನು ನೋಡಿದ ಬೇರೆಯವರದ್ದೂ ಹೀಗೇ ಇದ್ರೆ ಏನು ಗತಿ ಅಂತ ನಿದ್ದೆ ಬರ್ತಿಲ್ಲ."

ಕಸುಬಿನವನಿಗೆ ಕೈಯ ಮೇಲಿನ ನಂಬಿಕೆ ಹೋದರೆ ಏನು ಉಳಿಯುತ್ತದೆ ಎಂದು ನನಗೆ ಗೊತ್ತು. ಒಮ್ಮೆ ಎತ್ತಿದ ಸಮ್ಮಟಿಗೆ ಅಡಿಗಲ್ಲಿನ ಮೇಲೆ ಬೀಳುತ್ತದೋ, ಬೆರಳಿನ ಮೇಲೋ ಎಂದು ಅನುಮಾನಿಸತೊಡಗಿದರೆ ಅವನು ಮತ್ತೆ ಎತ್ತಲಾರ. ಸುಮ್ಮನಿರಬಹುದಿತ್ತು. ಸುಮ್ಮನಿದ್ದು ಅಭ್ಯಾಸವಾಗಿತ್ತು. ಆದರೆ ಆಕೆ ಮುಂದಿನ ಮಾತು ಆಡಿದಳು. "ಅಜ್ಜಿಯ ಬಲಗಾಲನ್ನಾದ್ರೂ ಉಳಿಸ್ಕೋಬೇಕು. ಅದನ್ನ ನೋಡ್ಲಾ?" ಎಂದು ಆ ಎಳೆಯನ್ನು ಚೀಲದಿಂದ ತೆಗೆದಳು.

ನಾನು ಚಾಪೆಯ ಹತ್ತಿರವೇ ಕೂತಿದ್ದೆ. ಉಂಗುರ ಬೆರಳಿನಲ್ಲಿತ್ತು. ಹೆಂಡತಿ ಆಗಲೇ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.

"ನಿನ್ ಕೈದಲ್ಲ ತಪ್ಪು ಕಣವ್ವ, ತಟ್ಟಿದೋನು ನಾನು" ಎಂದೆ.

ಹೇಳಿದೆ. ಕುರ್ಚಿ, ಉಂಗುರ, ಸಾಲಿನಲ್ಲಿ ಗೌಡನಿಗೆ ಹೇಳಿಕೊಟ್ಟದ್ದು. ಯಾಕೆ ಎಂದು ಕೇಳಿದಾಗ ಕೊಟ್ಟಿಗೆಯವನ ಕಥೆಯನ್ನೂ ಹೇಳಬೇಕಾಯಿತು. ಹೇಳುವಾಗ ಹೆಂಡತಿಯ ಕಡೆ ನೋಡಲು ಆಗದೆ ನೆಲ ನೋಡುತ್ತಿದ್ದೆ.

"ಗೊತ್ತು" ಎಂದಳು ಅವಳು.

"ಏನ್ ಗೊತ್ತು?"

"ನಿಮ್ಮಜ್ಜಿ ತಮ್ಮುಂದು. ನಾ ಬಂದ್ ವರ್ಷನೇ ನಿಮ್ಮವ್ವ ಏಳುದ್ರು. ನಿಂಗ್ ಗೊತ್ತು ಅಂತ ನನ್ ಮಗುನ್ಗೆ ಏಳ್ಬ್ಯಾಡ ಕಣವ್ವ, ನೊಂದ್ಕತನೆ ಅಂದ್ರು. ಅದ್ಕೇ ಸುಮ್ಕಿದ್ದೆ." ನನ್ನ ಕಡೆ ತಿರುಗಿ, "ಅದ್ಕಾ ತಟ್ಟುದ್ದು?" ಎಂದಳು.

ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಕೊಂಡು ಒಂದೇ ಮನೆಯಲ್ಲಿ ಮುದುಕರಾಗಿದ್ದೆವು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು. ಈಗಲೂ ಒಮ್ಮೊಮ್ಮೆ ಹಾಗೆ ತಿರುಗುತ್ತಾಳೆ.

ಡಾಕ್ಟರು ಎಳೆಯನ್ನು ಕೆಳಗಿಟ್ಟು ಮಾತಾಡಿದಳು. ಕೋಪವಿತ್ತು, ಆದರೆ ಅದನ್ನು ತೋರಿಸುವ ಶಕ್ತಿ ಆಕೆಗೂ ಉಳಿದಿರಲಿಲ್ಲ ಅನ್ನಿಸುತ್ತದೆ.

"ಕುಷ್ಠ ವಂಶದಿಂದ ಬರೋದಲ್ಲ ತಾತ. ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತೆ. ಇನ್ನು ಆ ಚಪ್ಪಲಿ. ನೀವು ಗುರುತು ಹಿಡಿದದ್ದು ಸರಿನೇ. ಆ ಮೆತ್ತನೆ ರಬ್ಬರನ್ನ ಮೊದಲು ಕುಷ್ಠ ಆದೋರಿಗೇ ಕೊಡ್ತಿದ್ದದ್ದು. ಸ್ಪರ್ಶ ಇಲ್ಲದ ಪಾದ ಯಾಕೆ ಕೊಳೆಯುತ್ತೆ, ಹೇಗೆ ಉಳಿಸೋದು ಅಂತ ಡಾಕ್ಟರುಗಳು ಅಂಥೋರ ಪಾದ ನೋಡಿನೇ ಕಲಿತದ್ದು. ನಿಮ್ಮಜ್ಜಿ ತಮ್ಮನಂಥೋರು ಕಲಿಸಿಕೊಟ್ಟಿದ್ದನ್ನೇ ನಾನು ಅಜ್ಜಿಗೆ ಕೊಡೋಕೆ ಬಂದಿದ್ದೆ."

ಅಂಥವನಿಗೆ ನಾವು ಕೋಲಿನಿಂದ ಅನ್ನ ತಳ್ಳಿದ್ದೆವು. ಅವನ ಚಪ್ಪಲಿಯನ್ನು ಬೆಂಕಿಗೆ ಹಾಕಿದಾಗ ಅಪ್ಪನ ಪಕ್ಕ ನಿಂತು ತಿದಿ ಒತ್ತಿದವನು ನಾನು.

ಬಲಗಾಲಿನ ಪರೀಕ್ಷೆಗೆ ನನ್ನನ್ನು ಹೊರಗೆ ಕಳಿಸಿದರು. ಜಗಲಿಯ ಮೇಲೆ ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತೆ. ಒಳಗೆ ಸದ್ದೇ ಇಲ್ಲ. ಕಡೆಗೊಮ್ಮೆ "ಊಂ" ಎಂದದ್ದು ಕೇಳಿತು. ಹಿಮ್ಮಡಿಯಲ್ಲಿ ಮಾತ್ರ ಸ್ಪರ್ಶ ಉಳಿದಿದೆಯಂತೆ. ಚಪ್ಪಲಿ ಜೊತೆಯಾಗಿಯೇ ಕೊಡುತ್ತಾರೆ. "ಒಂದು ಸಾಕು, ಇನ್ನೊಂದ್ನ ಯಾರ್ಗಾದ್ರೂ ಕೊಟ್ಬುಡಿ" ಎಂದಳು ಅವಳು. ಅಂದಿನಿಂದ ಅವಳು ಮನೆಯೊಳಗೂ ಆ ಒಂದನ್ನು ಹಾಕಿಕೊಳ್ಳುತ್ತಾಳೆ. ದೇವರ ಮೂಲೆಯ ಹತ್ತಿರ ಮೊದಲ ಸಲ ಹೋಗುವಾಗ ನಿಂತು ನನ್ನ ಮುಖ ನೋಡಿದಳು. ಹೋಗು ಎಂದೆ.

ಇನ್ನು ಊರು ಉಳಿದಿತ್ತು. ನಾನು ಹೇಳಿಕೊಟ್ಟವರು, ಅವರು ಹೇಳಿಕೊಟ್ಟವರು. ಮರುದಿನ ಡಾಕ್ಟರ ಜೊತೆ ಮೊದಲು ಗೌಡನ ಮನೆಗೆ ಹೋದೆ. ಹಸುವಿಗೆ ಹಿಂಡಿ ಕಲಸುತ್ತಿದ್ದವನು ಎಲ್ಲ ಕೇಳಿಸಿಕೊಂಡು ಕೈ ತೊಳೆಯದೆ ನಿಂತ.

"ಅವತ್ತು ನೋಡ್ಕಂಡು ಊಂ ಅನ್ನು ಅಂದೆ. ಇವತ್ತು ಕಣ್ ಮುಚ್ಕಂಡ್ ನಿಜ ಏಳು ಅಂತೀಯ. ಕಾಲು ನಂದೇನ್ಲಾ, ನಿಂದೇನ್ಲಾ?"

"ನಿಂದೇ ಕಣಪ್ಪ."

"ನಿನ್ ಮಾತ್ ಕೇಳಕಿಲ್ಲ ಓಗ್ಲಾ. ಎಸ್ಸೆಸ್ಸೆಲ್ಸಿ ಪಾಸಂತೆ. ಕಲ್ತೋನು ಅಂತ ಕೇಳಿದ್ಕೆ ನಿನ್ನೆಂಡ್ರು ಕಾಲ್ ಓಯ್ತು. ಆಯಮ್ಮ ಬಂದು ಏಳ್ಲಿ, ಆಗ ಚಾಚ್ತೀನಿ."

ಮಾತಿಗೆ ಆಡಿದ್ದಿರಬೇಕು. ನಾನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕೇಳಲು ನಾಚಿಕೆಯಾಗಿತ್ತು. ಅವಳು ಊರಿಕೊಂಡು ನಡೆಯುವ ಅಲ್ಯೂಮಿನಿಯಂ ವಾಕರನ್ನು ಹತ್ತಿರ ಎಳೆದುಕೊಂಡಳು. ಎಡಗಾಲಿನ ಮೊಂಡಿಗೆ ಬಟ್ಟೆ, ಬಲಗಾಲಿಗೆ ಕಪ್ಪು ಚಪ್ಪಲಿ. ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು. ಆ ಚಪ್ಪಲಿ ಯಾರ ಕಣ್ಣಿಗೆ ಬೀಳಬಾರದು ಎಂದಿದ್ದೆನೋ ಅವರೆಲ್ಲರ ಮುಂದೆ ಅವಳು ನಿಂತು ನಿಂತು ನಡೆದಳು. ನಾನು ಹಿಂದೆ ಹಿಂದೆ ನಡೆದೆ.

ಅವಳನ್ನು ಕಂಡು ಗೌಡ ಎದ್ದು ನಿಂತ. "ಅಯ್ಯೋ ಯಾಕ್ ಬರಕ್ಕೋದ್ಯವ್ವ, ನಾ ಸುಮ್ಕೆ ಅಂದೆ" ಎಂದು ಜಗಲಿಯ ಮೇಲೆ ಜಾಗ ಮಾಡಿದ.

ಅವಳು ಕೂತು ಉಸಿರು ತಿರುಗಿಸಿಕೊಂಡು ಹೇಳಿದಳು. "ಕಾಲ್ ಚಾಚಿ ಗೌಡ್ರೆ. ಕಣ್ ಪೂರ್ತಿ ಮುಚ್ಕಳಿ."

ಗೌಡ ಜಗಲಿಯ ಅಂಚಿನಲ್ಲಿ ಕೂತು, ಕಾಲು ಚಾಚಿ, ಟವೆಲನ್ನು ಕಣ್ಣಿನ ಮೇಲೆ ಸುತ್ತಿಕೊಂಡ. ಡಾಕ್ಟರು ನೆಲದ ಮೇಲೆ ಕೂತು ಅವನ ಹೆಬ್ಬೆರಳಿಗೆ ಎಳೆ ಒತ್ತಿದಳು. ಎಳೆ ಬಾಗಿತು. ಬೆರಳಿನ ಬುಡಕ್ಕೆ ಒತ್ತಿದಳು. ಪಾದದ ಅಂಚಿಗೆ, ಮಧ್ಯಕ್ಕೆ, ಮತ್ತೆ ಹೆಬ್ಬೆರಳಿಗೆ. ಆ ಹುಡುಗಿಯ ಕೈ ಅವಸರಪಡದೆ ಒಂದೊಂದು ಕಡೆ ನಿಂತು ಮುಂದೆ ಹೋಗುತ್ತಿತ್ತು. ನನ್ನ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದೆ. ಹೆಂಡತಿ ಅವನ ಪಾದವನ್ನು ನೋಡಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದಳು.

ಗೌಡನಿಗೆ ಬೇಸರವಾಯಿತು. ಟವೆಲಿನ ಒಳಗಿನಿಂದಲೇ ಹೇಳಿದ.

"ಎಷ್ಟೊತ್ತು ಕೂರುಸ್ತೀಯವ್ವ. ಡೈರಿಗೆ ಆಲು ಕರಿಯೋ ಒತ್ತಾಯ್ತು. ಬೇಗ ಸುರು ಮಾಡು."